9,000 ಆರ್‌ಪಿಎಂನ ಎಂಜಿನ್, 11,700 ಆರ್‌ಪಿಎಂನ ಒಂದು ಕ್ಷಣ: ಪ್ರಕರಣ ಅಧ್ಯಯನ

ಪರೀಕ್ಷೆಗೆಂದು ಬಂದಾಗ ಈ ಕಾರಿನ ಮೇಲಿದ್ದ ದೂರು ತೀರಾ ಸಣ್ಣದು. ಬೆಳಗಿನ ಮೊದಲ ಸ್ಟಾರ್ಟ್‌ಗೆ ಐಡ್ಲಿಂಗ್ ಎರಡು ಮೂರು ನಿಮಿಷ ಸಣ್ಣಗೆ ನಡುಗುತ್ತದೆ, ಎಂಜಿನ್ ಬಿಸಿಯಾಗುತ್ತಿದ್ದಂತೆ ನಡುಕ ಅಡಗುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಪಿಕಪ್ ಎಂದಿನಂತೆಯೇ ಇದೆ, ಆಯಿಲ್ ಮಾತ್ರ ಮೊದಲಿಗಿಂತ ಬೇಗ ಇಳಿಯುತ್ತಿದೆ ಎಂಬುದು ಮಾಲೀಕರ ಮಾತು. ಕಾರು 2001ರ ಹೋಂಡಾ ಎಸ್2000, ಓಡಿದ್ದು 1,12,000 ಕಿಲೋಮೀಟರ್. ನಮಗಿಂತ ಮೊದಲು ಎರಡು ಗ್ಯಾರೇಜ್‌ಗಳು ಇದನ್ನು ನೋಡಿದ್ದವು. ಒಂದು ಕಡೆ ಟೈಮಿಂಗ್ ಚೈನ್‌ನ ಟೆನ್ಷನರ್ ಬದಲಾಯಿಸಿದ್ದರು. ಇನ್ನೊಂದು ಕಡೆ ಟ್ಯಾಪೆಟ್ (ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಣ್ಣ ಅಂತರ) ಸೆಟ್ ಮಾಡಿ, ಹೊಸ ಪ್ಲಗ್ ಹಾಕಿ, ಇಷ್ಟು ಓಡಿದ ಎಂಜಿನ್‌ಗೆ ಇದೆಲ್ಲ ಸಹಜವೆಂದು ಹೇಳಿ ಕಳಿಸಿದ್ದರು. ಟೆನ್ಷನರ್ ಮೇಲಿನ ಅನುಮಾನ ತಪ್ಪೇನಲ್ಲ. ಈ ಎಂಜಿನ್‌ನಲ್ಲಿ ಅದು ಸವೆದು ತಣ್ಣಗಿದ್ದಾಗ ಗಲಗಲ ಸದ್ದು ಮಾಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಟೆನ್ಷನರ್‌ನಿಂದ ಸದ್ದು ಬರುತ್ತದೆಯೇ ಹೊರತು ಐಡ್ಲಿಂಗ್ ನಡುಗುವುದಿಲ್ಲ.

ಮುಂದಿನದು ಅರ್ಥವಾಗಬೇಕಾದರೆ ಈ ಎಂಜಿನ್‌ನ ಕೆಲವು ಅಳತೆಗಳನ್ನು ಮೊದಲು ನೋಡಬೇಕು. ಎಫ್20ಸಿ ಎಂಬ ಈ ನಾಲ್ಕು ಸಿಲಿಂಡರ್ ಎಂಜಿನ್ 1999ರಲ್ಲಿ ಎಸ್2000 ಜೊತೆಗೆ ಬಂದಿತು. ಬೋರ್, ಅಂದರೆ ಸಿಲಿಂಡರ್‌ನ ಅಗಲ, 87 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ, 84 ಮಿಲಿಮೀಟರ್; ಸಾಮರ್ಥ್ಯ 1,997 ಸಿಸಿ. ಜಪಾನ್‌ನಲ್ಲಿ ಮಾರಾಟವಾದ ಕಾರಿನಲ್ಲಿ ಕಂಪ್ರೆಷನ್ ಅನುಪಾತ 11.7, ಶಕ್ತಿ 250 ಪಿಎಸ್ (ಅಶ್ವಶಕ್ತಿ). ಬೇರೆ ದೇಶಗಳಿಗೆ ಹೋದವುಗಳಲ್ಲಿ ಅನುಪಾತ 11.0, ಶಕ್ತಿ 240 ಪಿಎಸ್. ಎರಡರಲ್ಲೂ ಈ ಶಕ್ತಿ ಸಿಗುವುದು 8,300 ಆರ್‌ಪಿಎಂನಲ್ಲಿ. ಟರ್ಬೊ ಇಲ್ಲದೆ ಒಂದು ಲೀಟರ್‌ಗೆ 120 ಪಿಎಸ್ ತೆಗೆಯಬೇಕಾದರೆ ಎಂಜಿನ್ ಹೆಚ್ಚು ಸುತ್ತು ತಿರುಗುವುದಲ್ಲದೆ ಬೇರೆ ದಾರಿಯಿಲ್ಲ, ಏಕೆಂದರೆ ಒಂದು ಸುತ್ತಿಗೆ ಸಿಲಿಂಡರ್ ಒಳಗೆ ಎಳೆದುಕೊಳ್ಳುವ ಗಾಳಿಗೆ ಒಂದು ಮಿತಿಯಿದೆ. ಹಾಗಾಗಿ ಬೇರೆ ದೇಶಗಳಿಗೆ ಹೋದ ಕಾರಿನಲ್ಲಿ ಟಾರ್ಕ್ 208 ನ್ಯೂಟನ್ ಮೀಟರ್ ಮಾತ್ರ, ಅದೂ 7,500 ಆರ್‌ಪಿಎಂನಲ್ಲಿ. ಎಂಜಿನ್ ದಾಟಬಾರದ ಮಿತಿಯಾದ ಕೆಂಪು ಗೆರೆ ಮಾತ್ರ 9,000ದ ಹತ್ತಿರ.

ಆ 9,000 ಎಂಬ ಅಂಕಿ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ ನೋಡಿದರೇ ಮನದಟ್ಟಾಗುವುದು. ನಿಮಿಷಕ್ಕೆ 9,000 ಸುತ್ತು ಎಂದರೆ ಸೆಕೆಂಡಿಗೆ 150 ಸುತ್ತು. 84 ಮಿಲಿಮೀಟರ್ ಸ್ಟ್ರೋಕ್‌ನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 25.2 ಮೀಟರ್ ಆಗುತ್ತದೆ. ಪಿಸ್ಟನ್ ತುತ್ತತುದಿಗೆ ಹೋಗಿ ನಿಂತು ಹಿಂದಿರುಗುವ ಆ ಗಳಿಗೆಯಲ್ಲಿ, 153 ಮಿಲಿಮೀಟರ್ ಉದ್ದದ ಕನೆಕ್ಟಿಂಗ್ ರಾಡ್ ಅದನ್ನು ಕೆಳಗೆಳೆಯುವ ವೇಗೋತ್ಕರ್ಷ ಗುರುತ್ವದ ಸುಮಾರು 4,800 ಪಟ್ಟು. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಪ್ರತಿ ವಾಲ್ವ್ ಸೆಕೆಂಡಿಗೆ 75 ಬಾರಿ ತೆರೆದು ಮುಚ್ಚಬೇಕು. 2004ರಲ್ಲಿ ಸ್ಟ್ರೋಕ್ ಅನ್ನು 90.7 ಮಿಲಿಮೀಟರ್‌ಗೆ ಏರಿಸಿ 2,157 ಸಿಸಿಯ ಎಫ್22ಸಿ ತಂದಾಗ ಕೆಂಪು ಗೆರೆಯನ್ನು 8,000ಕ್ಕೆ ಇಳಿಸಿದ್ದು ಏಕೆಂಬುದಕ್ಕೂ ಇದೇ ಲೆಕ್ಕದಲ್ಲಿ ಉತ್ತರವಿದೆ: ಆಗಲೂ ಪಿಸ್ಟನ್ ವೇಗ ಸೆಕೆಂಡಿಗೆ 24.2 ಮೀಟರ್ ಬರುತ್ತದೆ. ಸುತ್ತು ಒಂದು ಸಾವಿರ ಕಡಿಮೆಯಾದರೂ ಪಿಸ್ಟನ್‌ಗೆ ಹೇಳಿಕೊಳ್ಳುವಷ್ಟು ವಿಶ್ರಾಂತಿ ಸಿಗಲಿಲ್ಲ.

ಇಷ್ಟೆಲ್ಲ ಒತ್ತಡವಿದ್ದೂ ಈ ಎಂಜಿನ್ ಗಟ್ಟಿಮುಟ್ಟಾದುದೆಂದು ಹೆಸರು ಪಡೆದಿದೆ, ಅದು ಸುಳ್ಳಲ್ಲ. ಕ್ಯಾಮ್‌ಗಳಿಗೆ ಬೆಲ್ಟ್ ಇಲ್ಲ. ಚೈನ್ ಒಂದು ನಡುವಿನ ಗೇರನ್ನು ತಿರುಗಿಸುತ್ತದೆ, ಆ ಗೇರು ಎರಡೂ ಕ್ಯಾಮ್‌ಗಳನ್ನು ತಿರುಗಿಸುತ್ತದೆ. ವಿಟೆಕ್ ವ್ಯವಸ್ಥೆ ಸುಮಾರು 6,000 ಆರ್‌ಪಿಎಂನಲ್ಲಿ ಆಯಿಲ್ ಒತ್ತಡದಿಂದ ಪಿನ್‌ಗಳನ್ನು ತಳ್ಳಿ, ವಾಲ್ವ್‌ಗಳನ್ನು ಹೆಚ್ಚು ಎತ್ತರಕ್ಕೂ ಹೆಚ್ಚು ಹೊತ್ತಿಗೂ ತೆರೆಯುವ ಕ್ಯಾಮ್ ಉಬ್ಬಿಗೆ ರಾಕರ್‌ಗಳನ್ನು, ಅಂದರೆ ವಾಲ್ವ್‌ಗಳನ್ನು ಒತ್ತುವ ತೋಳುಗಳನ್ನು, ಜೋಡಿಸುತ್ತದೆ. ರಾಕರ್‌ಗಳಲ್ಲಿ ರೋಲರ್ ಇರುವುದರಿಂದ ಉಜ್ಜಾಟವೂ ಕಡಿಮೆ. ಅಂದರೆ ತಾನಾಗಿಯೇ 9,000ಕ್ಕೆ ಏರುವ ಎಂಜಿನ್‌ಗೆ ಆ 9,000ದಿಂದ ಅಪಾಯವಿಲ್ಲ. ಅದಕ್ಕಿಂತ ಮೇಲೆ ಹೋಗದಂತೆ ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಇಂಧನ ನಿಲ್ಲಿಸುತ್ತದೆ, ಸುತ್ತು ಇಳಿಯುತ್ತದೆ. ಈ ಪ್ರಕರಣದಲ್ಲಿ ಪೆಟ್ಟು ಬಿದ್ದದ್ದು ಆ ಕಾವಲು ಇಲ್ಲದ ಕಡೆಯಿಂದ.

ಮೊದಲು ಕಂಪ್ರೆಷನ್ ನೋಡಿದೆವು. ಥ್ರಾಟಲ್ ಪೂರ್ತಿ ತೆರೆದು, ನಾಲ್ಕೂ ಪ್ಲಗ್ ಬಿಚ್ಚಿ ಅಳೆದಾಗ ಮೂರನೇ ಸಿಲಿಂಡರ್ ಉಳಿದ ಮೂರಕ್ಕಿಂತ ಸ್ವಲ್ಪ ಕೆಳಗಿತ್ತು, ಆದರೆ ಗಾಬರಿಯಾಗುವಷ್ಟೇನಲ್ಲ. ಬಹಳ ಕಡೆ ಪರೀಕ್ಷೆ ಇಲ್ಲಿಗೇ ಮುಗಿಯುತ್ತದೆ. ಕಂಪ್ರೆಷನ್ ಪರೀಕ್ಷೆ ಹೇಳುವುದು ಒಟ್ಟು ಮೊತ್ತವನ್ನು ಮಾತ್ರ. ಸೋರಿಕೆ ಎಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ಲೀಕ್‌ಡೌನ್ ಪರೀಕ್ಷೆಗೆ ಹೋದೆವು. ಪಿಸ್ಟನ್ ಮೇಲ್ತುದಿಯಲ್ಲಿರುವಂತೆ ಕ್ರ್ಯಾಂಕ್ ಹಿಡಿದು ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟರೆ, ಎಷ್ಟು ಭಾಗ ಸೋರುತ್ತಿದೆ ಎಂದು ಗೇಜ್ ತೋರಿಸುತ್ತದೆ, ಎಲ್ಲಿಂದ ಎಂಬುದನ್ನು ಕಿವಿ ಹೇಳುತ್ತದೆ. ಆಯಿಲ್ ಮುಚ್ಚಳದ ಬಳಿ ಸುಯ್ಯೆಂದರೆ ರಿಂಗ್, ಥ್ರಾಟಲ್ ಕಡೆ ಕೇಳಿಸಿದರೆ ಇನ್‌ಟೇಕ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಒಂದು, ಎರಡು, ನಾಲ್ಕನೇ ಸಿಲಿಂಡರ್‌ಗಳು ಶೇಕಡಾ 6ರಿಂದ 8ರೊಳಗೆ ನಿಂತವು. ಮೂರನೆಯದು 22 ತೋರಿಸಿತು. ಸದ್ದು ಬಂದದ್ದು ಸೈಲೆನ್ಸರ್ ಕೊಳವೆಯಿಂದ. ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ವಾಲ್ವ್ ಸುಟ್ಟಿದೆಯೇ, ಬಾಗಿದೆಯೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಟ್ಯಾಪೆಟ್ ಅಂತರವೇ ಉತ್ತರ ಕೊಡುತ್ತದೆ. ಸೀಟು ಸವೆದರೆ ಅಥವಾ ವಾಲ್ವ್ ಅಂಚು ಸುಟ್ಟರೆ ವಾಲ್ವ್ ಸ್ವಲ್ಪ ಮೇಲೇರಿ ಕೂರುತ್ತದೆ, ಅಂತರ ಕಡಿಮೆಯಾಗುತ್ತದೆ. ವಾಲ್ವ್ ಬಾಗಿದ್ದರೆ ಅದು ಸೀಟಿಗೆ ಪೂರ್ತಿ ಮುಟ್ಟದೆ ಕೆಳಗೇ ತೂಗುತ್ತದೆ, ಅಂತರ ಹೆಚ್ಚುತ್ತದೆ. ಈ ಎಂಜಿನ್‌ಗೆ ನಿಗದಿಯಾದ ಅಂತರ, ತಣ್ಣಗಿದ್ದಾಗ, ಇನ್‌ಟೇಕ್‌ಗೆ 0.21ರಿಂದ 0.25 ಮಿಲಿಮೀಟರ್, ಎಕ್ಸಾಸ್ಟ್‌ಗೆ 0.25ರಿಂದ 0.29. ನಾವು ಅಳೆದಾಗ ಹದಿನಾರೂ ವಾಲ್ವ್‌ಗಳು ಈ ಮಿತಿಯೊಳಗೇ ಇದ್ದವು. ಮೂರನೇ ಸಿಲಿಂಡರ್‌ನ ಹಿಂದಿನ ಎಕ್ಸಾಸ್ಟ್ ವಾಲ್ವ್‌ನದು 0.27, ಅಂದರೆ ಪುಸ್ತಕದಲ್ಲಿ ಬರೆದಂತೆ ಸರಿಯಾಗಿ ನಡುಮಧ್ಯ. ಸೋರಿಕೆ ಒಂದು ಹೇಳುತ್ತಿತ್ತು, ಅಂತರ ಅಳೆಯುವ ಫೀಲರ್ ಗೇಜ್ ಇನ್ನೊಂದು.

ಈ ಗಂಟು ಬಿಡಿಸಿದ್ದು ಟ್ಯಾಪೆಟ್ ಸ್ಕ್ರೂವನ್ನು ಬಿಗಿಹಿಡಿಯುವ ಒಂದು ಲಾಕ್‌ನಟ್. ಹದಿನೈದು ನಟ್‌ಗಳ ಅಂಚಿನ ಮೇಲೆ ವರ್ಷಗಳ ಕಂದು ಆಯಿಲ್ ಪೊರೆ ಹಾಗೆಯೇ ಇತ್ತು. ಆ ಒಂದರ ಮೂಲೆಗಳು ಮಾತ್ರ ಸ್ಪ್ಯಾನರ್ ತಾಗಿ ಬೆಳ್ಳಗೆ ಹೊಳೆಯುತ್ತಿದ್ದವು. ಹದಿನಾರು ವಾಲ್ವ್ ಅಳೆದು ಒಂದನ್ನು ಮಾತ್ರ ತಿದ್ದಬೇಕಾಗಿ ಬಂದಿದ್ದರೆ ಆ ಒಂದು ಎಷ್ಟಿತ್ತು? ಮಾಲೀಕರು ಹಿಂದಿನ ಗ್ಯಾರೇಜ್‌ನ ಕೆಲಸದ ಚೀಟಿಯನ್ನು ಪುಣ್ಯಕ್ಕೆ ಎಸೆದಿರಲಿಲ್ಲ. ಅದರ ಕೊನೆಯ ಸಾಲಿನಲ್ಲಿ ಪೆನ್ಸಿಲ್‌ನಿಂದ ಬರೆದಿತ್ತು: ಮೂರು, ಎಕ್ಸಾಸ್ಟ್, 0.38 ಇತ್ತು, 0.27 ಮಾಡಿದೆ. ಕೆಲಸ ಮಾಡಿದವರು ತಮ್ಮ ಲೆಕ್ಕದಲ್ಲಿ ಸರಿಯಾದುದನ್ನೇ ಮಾಡಿದ್ದರು. ಆದರೆ ಒಂದೇ ವಾಲ್ವ್ ಉಳಿದವುಗಳಿಂದ 0.1 ಮಿಲಿಮೀಟರ್ ದೂರ ಹೋಗಿದ್ದರೆ ಅದು ಸವೆತವಲ್ಲ. ಸವೆತ ಬಂದರೆ ಅಕ್ಕಪಕ್ಕದವುಗಳಲ್ಲೂ ಸ್ವಲ್ಪವಾದರೂ ಕಾಣಬೇಕು. ಸ್ಕ್ರೂ ತಿರುಗಿಸಿ ಅಂತರವನ್ನು ಸರಿಪಡಿಸಿದಾಗ ಬಾಗಿದ ವಾಲ್ವ್ ಬಾಗಿದಂತೆಯೇ ಉಳಿಯಿತು. ಅಳಿಸಿಹೋದದ್ದು ಅದರ ಗುರುತು. ಟ್ಯಾಪೆಟ್ ಕೆಲಸವನ್ನು ಸೆಟ್ಟಿಂಗ್ ಎಂದು ಕರೆಯುವ ರೂಢಿಯೇ ಇಂಥ ತಪ್ಪಿಗೆ ದಾರಿ ಮಾಡುತ್ತದೆ ಎಂದು ನನಗೆ ಅನ್ನಿಸುತ್ತದೆ. ಮೊದಲು ಓದಬೇಕು, ಬರೆದುಕೊಳ್ಳಬೇಕು, ಆಮೇಲಷ್ಟೇ ತಿರುಗಿಸಬೇಕು.

ಬಾಗಿದ ಎಕ್ಸಾಸ್ಟ್ ವಾಲ್ವ್ ಎಂದಮೇಲೆ ಪಿಸ್ಟನ್ ಅದನ್ನು ಮುಟ್ಟಿರಬೇಕು. ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿದಾಗ ಪಿಸ್ಟನ್ ತಲೆಯ ಮೇಲಿನ ಕಪ್ಪು ಮಸಿಯಲ್ಲಿ, ಎಕ್ಸಾಸ್ಟ್ ವಾಲ್ವ್‌ಗೆಂದು ಕೊರೆದ ಗುಳಿಯ ಅಂಚಿನಲ್ಲಿ, ಉಗುರಿನಿಂದ ಒತ್ತಿದಂಥ ಸಣ್ಣ ಬಿದಿಗೆ ಚಂದ್ರನ ಆಕಾರದ ಗುರುತು ಕಂಡಿತು. ಚೈನ್ ಟೈಮಿಂಗ್ ಸರಿಯಾಗಿಯೇ ಇತ್ತು. ಹಾಗಾದರೆ ಉಳಿದ ಕಾರಣ ಒಂದೇ. ಮಾಲೀಕರನ್ನು ಮತ್ತೊಮ್ಮೆ ಕೇಳಿದೆವು. ಈ ಸಲ ನೇರವಾಗಿ, ಗೇರ್ ಎಂದಾದರೂ ತಪ್ಪಿ ಬಿದ್ದಿತ್ತೇ ಎಂದು. ಎಂಟು ತಿಂಗಳ ಹಿಂದೆ ಟ್ರ್ಯಾಕ್‌ನಲ್ಲಿ ಓಡಿಸುವಾಗ ಮೂರರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದಿತ್ತು, ಹಿಂದಿನ ಚಕ್ರಗಳು ಕಿರ್ರೆಂದವು, ತಕ್ಷಣ ಕ್ಲಚ್ ಒತ್ತಿದೆ, ಆಮೇಲೆ ಎಂಜಿನ್ ಮಾಮೂಲಿನಂತೆಯೇ ಇದ್ದುದರಿಂದ ಅದನ್ನು ಮರೆತೇಬಿಟ್ಟಿದ್ದೆ ಎಂದರು. ಅವರು ಮುಚ್ಚಿಟ್ಟಿದ್ದರು ಎಂದು ನಾನು ಹೇಳಲಾರೆ. ಅರ್ಧ ಸೆಕೆಂಡಿನ ಘಟನೆಯನ್ನೂ ಎಂಟು ತಿಂಗಳ ಬಳಿಕದ ಬೆಳಗಿನ ನಡುಕವನ್ನೂ ಒಂದಕ್ಕೊಂದು ಜೋಡಿಸಲು ಸಾಮಾನ್ಯ ಚಾಲಕನಿಗೆ ಕಾರಣವೇ ಇರುವುದಿಲ್ಲ.

ಆ ಅರ್ಧ ಸೆಕೆಂಡಿನಲ್ಲಿ ಆದದ್ದನ್ನು ಗೇರ್ ಅನುಪಾತಗಳಿಂದ ಲೆಕ್ಕ ಹಾಕಬಹುದು. ಈ ಆರು ಗೇರಿನ ಪೆಟ್ಟಿಗೆಯಲ್ಲಿ ಎರಡನೆಯದು 2.045, ಮೂರನೆಯದು 1.481, ನಾಲ್ಕನೆಯದು 1.161. ಮೂರನೇ ಗೇರಿನಲ್ಲಿ 8,500 ಆರ್‌ಪಿಎಂ ಇದ್ದಾಗ ಸರಿಯಾಗಿ ನಾಲ್ಕಕ್ಕೆ ಬಿದ್ದಿದ್ದರೆ ಸುತ್ತು ಸುಮಾರು 6,660ಕ್ಕೆ ಇಳಿಯುತ್ತಿತ್ತು. ಎರಡಕ್ಕೆ ಬಿದ್ದು ಕ್ಲಚ್ ಪೂರ್ತಿ ಹಿಡಿದರೆ ಅದೇ ವೇಗದಲ್ಲಿ ಎಂಜಿನ್ ಸುಮಾರು 11,700 ಸುತ್ತು ತಿರುಗಲೇಬೇಕು. ಇಸಿಯು ಇಂಧನ ನಿಲ್ಲಿಸಿತ್ತು, ಅನುಮಾನವಿಲ್ಲ. ಆದರೆ ಆಗ ಎಂಜಿನ್ನನ್ನು ತಿರುಗಿಸುತ್ತಿದ್ದದ್ದು ಇಂಧನವಲ್ಲ, ಚಕ್ರಗಳು. ಇಡೀ ಕಾರಿನ ತೂಕ ಕ್ರ್ಯಾಂಕನ್ನು ಹಿಂದಿನಿಂದ ತಳ್ಳುವಾಗ ಲಿಮಿಟರ್ ಮಾಡಬಹುದಾದದ್ದು ಏನೂ ಇಲ್ಲ. ಚಕ್ರ ಜಾರಿದ್ದರಿಂದಲೂ ಕ್ಲಚ್ ಬೇಗ ಒತ್ತಿದ್ದರಿಂದಲೂ ನಿಜವಾದ ಅಂಕಿ ಇದಕ್ಕಿಂತ ಕೊಂಚ ಕೆಳಗೇ ನಿಂತಿರಬಹುದು.

ಬಲಗಳು ಏರುವುದು ಸುತ್ತಿನ ವರ್ಗಕ್ಕೆ ಅನುಗುಣವಾಗಿ. 9,000ದಿಂದ 11,700ಕ್ಕೆ ಹೋದರೆ ಸುತ್ತು ಹೆಚ್ಚಿದ್ದು ಶೇಕಡಾ 30, ಬಲ ಹೆಚ್ಚಿದ್ದು ಶೇಕಡಾ 70ರ ಹತ್ತಿರ. ವಾಲ್ವ್ ಸ್ಪ್ರಿಂಗ್‌ನ ಬಲವಾದರೋ ಸುತ್ತು ಎಷ್ಟಾದರೂ ಬದಲಾಗುವುದಿಲ್ಲ. ಹೆಡ್‌ನಲ್ಲಿ ಕೂರಿಸಿದ ದಿನ ಎಷ್ಟಿತ್ತೋ ಅಷ್ಟೇ. ವಾಲ್ವನ್ನು ಕ್ಯಾಮ್ ಉಬ್ಬಿನ ಬೆನ್ನಿಗೇ ಅಂಟಿಸಿಟ್ಟುಕೊಂಡು ಮುಚ್ಚುವುದು ಅದರ ಕೆಲಸ. ಆ ಕೆಲಸಕ್ಕೆ ಬೇಕಾದ ಬಲ ತನ್ನಲ್ಲಿರುವುದಕ್ಕಿಂತ ಹೆಚ್ಚಾದಾಗ ವಾಲ್ವ್ ಕ್ಯಾಮ್‌ನಿಂದ ಬಿಡಿಸಿಕೊಂಡು ಗಾಳಿಯಲ್ಲಿ ತೇಲುತ್ತದೆ, ಮುಚ್ಚಬೇಕಾದ ಹೊತ್ತಿಗೆ ಮುಚ್ಚುವುದಿಲ್ಲ, ಮೇಲೇರಿ ಬಂದ ಪಿಸ್ಟನ್‌ಗೆ ಸಿಕ್ಕಿಬೀಳುತ್ತದೆ. ತೇಲಿ ಬಂದ ವಾಲ್ವ್ ಸೀಟಿಗೆ ಬಡಿದು ನಿಂತಾಗ ಅದರ ಕುತ್ತಿಗೆ ಹಿಡಿದಿರುವ ರಿಟೇನರ್‌ಗೆ ಏಟು ಬೀಳುತ್ತದೆ. ಈ ಎಂಜಿನ್‌ನ ಮಟ್ಟಿಗೆ ಹೆದರಬೇಕಾದದ್ದು ಬಾಗಿದ ವಾಲ್ವ್‌ಗಲ್ಲ, ಆ ರಿಟೇನರ್‌ಗೆ.

ರಿಟೇನರ್ ಎಂಬುದು ಸ್ಪ್ರಿಂಗ್‌ನ ತಲೆಯ ಮೇಲೆ ಕೂರುವ ಒಂದು ಬಿಲ್ಲೆ. ನಡುವೆ ಕೆಳಗೆ ಕಿರಿದಾಗುತ್ತ ಹೋಗುವ ತೂತು. ಅದರೊಳಗೆ ಎರಡು ಅರೆಹೋಳು ವಾಲ್ವ್ ಲಾಕ್‌ಗಳು ಬೆಣೆಯಂತೆ ಸಿಕ್ಕಿಕೊಂಡು ವಾಲ್ವ್ ಕಡ್ಡಿಯನ್ನು ಕಚ್ಚಿ ಹಿಡಿದಿರುತ್ತವೆ. ಹೆಡ್ ಕವರ್ ತೆಗೆದು ಟಾರ್ಚ್ ಹಿಡಿದು ಹದಿನಾರನ್ನೂ ಒಂದೊಂದಾಗಿ ನೋಡಿದೆವು. ಹದಿನಾಲ್ಕರಲ್ಲಿ ಲಾಕ್‌ಗಳ ತಲೆ ಒಂದೇ ಮಟ್ಟದಲ್ಲಿತ್ತು. ಎರಡರಲ್ಲಿ, ಎರಡೂ ಇನ್‌ಟೇಕ್ ಕಡೆಯವು, ಕೂದಲೆಳೆಯಷ್ಟು ಒಳಕ್ಕೆ ಇಳಿದಿತ್ತು. ಬಿಚ್ಚಿ, ತೊಳೆದು, ಬಣ್ಣದ ದ್ರವ ಹಚ್ಚಿ ನೋಡಿದಾಗ ಒಂದರ ತೂತಿನ ಒಳಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ತೆಳು ಕೆಂಪು ಗೆರೆ ಮೂಡಿತು. ಬಿರುಕು ಬಿಟ್ಟ ರಿಟೇನರ್ ಅಗಲವಾಗುತ್ತಿತ್ತು, ಲಾಕ್‌ಗಳು ಅದರೊಳಗೆ ಜಾರುತ್ತಿದ್ದವು. ಪೂರ್ತಿ ಜಾರಿದ ದಿನ ವಾಲ್ವ್ ಸಿಲಿಂಡರ್ ಒಳಗೆ ಬೀಳುತ್ತದೆ. ಆಮೇಲೆ ಹೆಡ್, ಪಿಸ್ಟನ್, ಬೋರ್ ಯಾವುದೂ ಉಳಿಯುವುದಿಲ್ಲ. ಮಾಲೀಕರು ದೂರು ಹೇಳಿದ ನಡುಕಕ್ಕೂ ಈ ಬಿರುಕಿಗೂ ನೇರ ಸಂಬಂಧವಿರಲಿಲ್ಲ. ಬಾಗಿದ ಎಕ್ಸಾಸ್ಟ್ ವಾಲ್ವ್ ಗದ್ದಲ ಮಾಡದೆ ಹೋಗಿದ್ದರೆ ರಿಟೇನರ್ ಕಡೆ ಯಾರೂ ನೋಡುತ್ತಲೇ ಇರಲಿಲ್ಲ.

ಎಂಟು ತಿಂಗಳು ಏನೂ ಆಗದೆ ಹೋದದ್ದು ಹೇಗೆಂದು ಮಾಲೀಕರು ಕೇಳಿದರು. ಬಿರುಕು ಹುಟ್ಟಿದ್ದು ಒಂದು ಕ್ಷಣದಲ್ಲಿ, ಬೆಳೆದದ್ದು ದಿನದಿನದ ಓಡಾಟದಲ್ಲಿ. 3,000 ಆರ್‌ಪಿಎಂನಲ್ಲಿ ಶಾಂತವಾಗಿ ಒಂದು ಗಂಟೆ ಓಡಿಸಿದರೂ ಪ್ರತಿ ವಾಲ್ವ್ 90,000 ಬಾರಿ ತೆರೆದು ಮುಚ್ಚುತ್ತದೆ. ಒಂದೊಂದು ಸಲವೂ ಬಿರುಕಿನ ತುದಿಗೆ ಒಂದೊಂದು ಎಳೆತ. ಗೇರ್ ತಪ್ಪಿದ ದಿನ ಎಂಜಿನ್ ಉಳಿಯಿತು ಎಂಬ ಸಮಾಧಾನಕ್ಕೆ ಹಾಗಾಗಿ ಹೆಚ್ಚು ಬೆಲೆಯಿಲ್ಲ. ಪೋರ್ಷೆ ಕಾರುಗಳ ಇಸಿಯು ಇಂಥ ಅತಿಸುತ್ತುಗಳನ್ನು ದಾಖಲು ಮಾಡಿಡುತ್ತದೆ, ಹಳೆಯ ಕಾರು ಕೊಳ್ಳುವವರು ಅದನ್ನು ಓದಿಸಿಯೇ ಕೊಳ್ಳುತ್ತಾರೆ. ಈ ಕಾರಿನಲ್ಲಿ ಅಂಥ ದಾಖಲೆಯಿಲ್ಲ. ರಿಟೇನರ್ ಮತ್ತು ಟ್ಯಾಪೆಟ್ ಅಂತರವೇ ದಾಖಲೆ, ಅದರಲ್ಲೂ ಎರಡನೆಯದನ್ನು ಒಂದು ಸ್ಪ್ಯಾನರ್ ಅಳಿಸಿಬಿಡಬಲ್ಲದು.

ರಿಟೇನರ್‌ಗಳನ್ನು ಮಾತ್ರ ಬದಲಾಯಿಸುವುದಾದರೆ ಹೆಡ್ ಇಳಿಸಬೇಕಿಲ್ಲ. ಸಿಲಿಂಡರ್‌ಗೆ ಗಾಳಿ ತುಂಬಿ ವಾಲ್ವ್ ಬೀಳದಂತೆ ಹಿಡಿದು ಮೇಲಿನಿಂದಲೇ ಮಾಡಬಹುದು. ವಾಲ್ವ್ ಬಾಗಿದ್ದರಿಂದ ಇಲ್ಲಿ ಆ ದಾರಿ ಮುಚ್ಚಿತ್ತು. ಹೆಡ್ ಇಳಿಸಿದೆವು. ಮೂರನೇ ಸಿಲಿಂಡರ್‌ನ ಎರಡೂ ಎಕ್ಸಾಸ್ಟ್ ವಾಲ್ವ್, ಅವುಗಳ ಗೈಡ್, ಎಲ್ಲ ಸ್ಪ್ರಿಂಗ್, ಹದಿನಾರು ರಿಟೇನರ್, ಮೂವತ್ತೆರಡು ಲಾಕ್ ಹೊಸದಾಗಿ ಹಾಕಿದೆವು. 2004ರ ನಂತರದ ಎಂಜಿನ್‌ನ ರಿಟೇನರ್ ಹೆಚ್ಚು ಗಟ್ಟಿಯಾದುದು, ಇದಕ್ಕೂ ಹೊಂದುತ್ತದೆ. ಆದರೆ ಅದರ ಲಾಕ್‌ಗಳನ್ನೂ ಜೊತೆಗೇ ಹಾಕಬೇಕು, ಹಳೆಯ ಲಾಕನ್ನು ಹೊಸ ರಿಟೇನರ್‌ನಲ್ಲಿ ಕೂರಿಸುವಂತಿಲ್ಲ. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳನ್ನೂ ನೋಡಿದೆವು. ಗೀರು ಇರಲಿಲ್ಲ, ಆದರೂ ಬಿಚ್ಚಿದ ಮೇಲೆ ಹಳೆಯದನ್ನು ಮತ್ತೆ ಹಾಕುವ ಧೈರ್ಯ ನನಗಿಲ್ಲ. ಬೇರಿಂಗೂ ಬೋಲ್ಟೂ ಹೊಸತಾದವು.

ಬೋರ್ ಗೋಡೆಯ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿತ್ತು. ಈ ಬ್ಲಾಕ್‌ನಲ್ಲಿ ಕಬ್ಬಿಣದ ಸ್ಲೀವ್ ಇಲ್ಲ. ಇಂಗಾಲ ಮತ್ತು ಅಲ್ಯುಮಿನಾ ನಾರುಗಳಿಂದ ಬಲಪಡಿಸಿದ ಅಲ್ಯುಮಿನಿಯಂ ಗೋಡೆಯ ಮೇಲೆಯೇ ರಿಂಗ್‌ಗಳು ಓಡುತ್ತವೆ. ಹಗುರ, ಶಾಖ ಬೇಗ ಹೊರಹೋಗುತ್ತದೆ, ಸವೆತ ತೀರಾ ಕಡಿಮೆ. ಆದರೆ ಆಳವಾದ ಗೀರು ಬಿದ್ದರೆ ಮಾಮೂಲಿ ಹೋನಿಂಗ್ ಕಲ್ಲು ಹಾಕಿ ಸರಿಮಾಡುವಂತಿಲ್ಲ.

ಆಯಿಲ್ ಇಳಿಯುವ ದೂರು ಈ ರಿಪೇರಿಯಿಂದ ಪೂರ್ತಿ ಹೋಗಲಿಲ್ಲ, ಹೋಗುತ್ತದೆಂದು ನಾವು ಹೇಳಿಯೂ ಇರಲಿಲ್ಲ. 6,000 ಆರ್‌ಪಿಎಂ ದಾಟಿಸಿ ಓಡಿಸುವವರ ಕೈಯಲ್ಲಿ ಈ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುತ್ತದೆ. ಫಿಲ್ಟರ್ ಸಮೇತ ಬದಲಾಯಿಸುವಾಗ ಹಿಡಿಸುವುದು 4.8 ಲೀಟರ್, ಅದರಲ್ಲಿ ಒಂದು ಲೀಟರ್ ಕಡಿಮೆಯಾದಾಗ ಜೋರಾದ ತಿರುವಿನಲ್ಲಿ ಪಂಪ್‌ನ ಬಾಯಿಗೆ ಗಾಳಿ ಸಿಗುವ ಅಪಾಯವಿದೆ. ಸೆಕೆಂಡಿಗೆ 150 ಸುತ್ತು ತಿರುಗುವ ಬೇರಿಂಗ್‌ಗೆ ಒಂದೆರಡು ಸೆಕೆಂಡು ಆಯಿಲ್ ತಪ್ಪಿದರೂ ಸಾಕು. ಆದ್ದರಿಂದ ಎಷ್ಟು ಕುಡಿಯುತ್ತದೆ ಎಂಬುದಕ್ಕಿಂತ ಮಟ್ಟವನ್ನು ಯಾರು, ಯಾವಾಗ ನೋಡುತ್ತಾರೆ ಎಂಬುದೇ ಮುಖ್ಯ. ಪ್ರತಿ ಎರಡನೇ ಬಾರಿ ಪೆಟ್ರೋಲ್ ತುಂಬಿಸುವಾಗ ಡಿಪ್‌ಸ್ಟಿಕ್ ನೋಡಿ, ತುಂಬಿದ ಪ್ರಮಾಣವನ್ನು ಬರೆದಿಡುವಂತೆ ಮಾಲೀಕರಿಗೆ ಹೇಳಿದೆವು. ಇನ್ನೊಂದು ಮಾತನ್ನೂ ಹೇಳಿದೆವು: ಕೂಲಂಟ್ ಬಿಸಿಯಾಗುವವರೆಗೆ ವಿಟೆಕ್ ತೊಡಗದಂತೆ ಇಸಿಯು ತಡೆಯುತ್ತದೆ ನಿಜ, ಆದರೆ ಆಯಿಲ್ ಬಿಸಿಯಾಗುವುದು ಕೂಲಂಟ್‌ಗಿಂತ ಬಹಳ ನಿಧಾನ. ಮೀಟರ್ ಮುಳ್ಳು ನಡುವಿಗೆ ಬಂದ ಮೇಲೂ ಹತ್ತು ನಿಮಿಷ ತಾಳಬೇಕು.

ಗೇರ್ ತಪ್ಪಿದ್ದರ ಬಗೆಗೂ ಒಂದು ಮಾತು. ಲಿವರ್ ಸ್ಪ್ರಿಂಗ್‌ನ ಬಲದಿಂದ ತಾನಾಗಿ ಬಂದು ನಿಲ್ಲುವುದು ಮೂರು ಮತ್ತು ನಾಲ್ಕರ ಸಾಲಿನಲ್ಲಿ. ಮೂರರಿಂದ ನಾಲ್ಕಕ್ಕೆ ನೇರ ಹಿಂದಕ್ಕೆ ಎಳೆದರೆ ಸಾಕು. ಆತುರದಲ್ಲಿ ಮುಷ್ಟಿ ಬಿಗಿದು ಹಿಡಿದವರ ಕೈ ಗೊತ್ತಿಲ್ಲದೆ ಎಡಕ್ಕೆ ವಾಲುತ್ತದೆ, ಅಲ್ಲಿರುವುದು ಎರಡು. ಅಂಗೈ ತೆರೆದು ತಳ್ಳುವ ಎಳೆಯುವ ಅಭ್ಯಾಸವಿದ್ದವರಿಗೆ ಸ್ಪ್ರಿಂಗೇ ದಾರಿ ತೋರಿಸುತ್ತದೆ. ಇಷ್ಟು ಸಣ್ಣ ಅಭ್ಯಾಸ ಉಳಿಸಬಲ್ಲ ಎಂಜಿನ್‌ಗಳನ್ನು ಯಾವ ಆಯಿಲೂ ಉಳಿಸಲಾರದು.

ರಿಪೇರಿಯಾದ ಮೇಲೆ 1,000 ಕಿಲೋಮೀಟರ್ ಓಡಿದಾಗ ಒಮ್ಮೆ, 6,000 ಕಿಲೋಮೀಟರ್ ಓಡಿದಾಗ ಇನ್ನೊಮ್ಮೆ ಕಾರು ಮತ್ತೆ ಬಂದಿತ್ತು. ಮೂರನೇ ಸಿಲಿಂಡರ್‌ನ ಸೋರಿಕೆ ಶೇಕಡಾ 7ಕ್ಕೆ ಬಂದು ನಿಂತಿದೆ, ಬೆಳಗಿನ ನಡುಕ ಇಲ್ಲ. ಎರಡನೇ ಭೇಟಿಯಲ್ಲಿ ಅದೇ ಸಿಲಿಂಡರ್‌ನ ಒಂದು ಎಕ್ಸಾಸ್ಟ್ ವಾಲ್ವ್ 0.28ರಿಂದ 0.26ಕ್ಕೆ ಇಳಿದಿತ್ತು. ಹೊಸ ವಾಲ್ವ್ ಸೀಟಿಗೆ ಹೊಂದಿಕೊಳ್ಳುವಾಗ ಇಷ್ಟಾಗುವುದು ನಿರೀಕ್ಷಿತವೇ, ಮಿತಿಯೊಳಗೂ ಇದೆ. ಅದನ್ನು ಮುಟ್ಟದೆ, ಹದಿನಾರು ಅಂಕಿಗಳನ್ನೂ ದಿನಾಂಕದ ಜೊತೆ ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿಯನ್ನು ಕಾರಿನ ಕೈಪಿಡಿಯೊಳಗೆ ಇಟ್ಟು ಕಳಿಸಿದ್ದೇವೆ.